22 ಪದವೀಧರರ ದೇಶ, 26 ಮಕ್ಕಳ ಹಳ್ಳಿ

1966ರ ಸೆಪ್ಟೆಂಬರ್ 30ರಂದು ಬೋಟ್ಸ್‌ವಾನಾ ಸ್ವತಂತ್ರವಾಯಿತು. ಅಂದು ಆ ದೇಶದಲ್ಲಿದ್ದ ಪದವೀಧರರು 22 ಮಂದಿ. ಒಂದು ಊರಿನ ಲೆಕ್ಕವಲ್ಲ, ಒಂದು ಜಿಲ್ಲೆಯದ್ದೂ ಅಲ್ಲ, ಇಡೀ ದೇಶದ್ದು. ಎಲ್ಲರನ್ನೂ ಒಂದೇ ಬಸ್ಸು ಹತ್ತಿಸಿದರೂ ಅರ್ಧ ಬಸ್ಸು ಖಾಲಿ ಉಳಿಯುತ್ತಿತ್ತು. ಆ ಬಸ್ಸು ಓಡುವುದಕ್ಕೆ ಇದ್ದ ಡಾಂಬರು ರಸ್ತೆಯಾದರೂ ಎಷ್ಟು? 12 ಕಿಲೋಮೀಟರ್. ದೇಶದ ವಿಸ್ತೀರ್ಣ ಮಾತ್ರ 5.8 ಲಕ್ಷ ಚದರ ಕಿಲೋಮೀಟರ್. ಪಾಲು ಹಾಕಿದರೆ ಒಬ್ಬೊಬ್ಬ ಪದವೀಧರನಿಗೆ 26 ಸಾವಿರ ಚದರ ಕಿಲೋಮೀಟರ್ ನೆಲ ಬರುತ್ತದೆ.

ಕಾಂಗೋ ಕಥೆ ಇನ್ನೂ ದಾರುಣ. 1960ರಲ್ಲಿ ಬೆಲ್ಜಿಯಂ ಅಲ್ಲಿಂದ ಹೊರಟಾಗ ಜನಸಂಖ್ಯೆ ಸುಮಾರು ಒಂದೂವರೆ ಕೋಟಿ. ಅವರಲ್ಲಿ ಪದವಿ ಮುಗಿಸಿದ್ದವರು ಮೂವತ್ತು ಮಂದಿಯೂ ಇರಲಿಲ್ಲ. ಕಾಂಗೋದವನೇ ಆದ ವೈದ್ಯ ಒಬ್ಬನೂ ಇರಲಿಲ್ಲ. ಇದನ್ನು ಬಡತನ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ತಾಮ್ರ, ರಬ್ಬರು, ವಜ್ರ ಹೊತ್ತೊಯ್ಯಲು ರೈಲು ಹಳಿ ಹಾಸಿದವರಿಗೆ ಕಾಲೇಜು ಕಟ್ಟುವುದು ಕಷ್ಟವಾಗಿರಲಿಲ್ಲ. ಕಾಲಕ್ಕೆ ಸರಿಯಾಗಿ ಕಟ್ಟಲು ಅವರಿಗೆ ಇಷ್ಟವಿರಲಿಲ್ಲ.

ಶಾಲೆಯ ಬಾಗಿಲು ತೆರೆದಾಗ ಏನಾಯಿತು ನೋಡಿ. 1994ರಲ್ಲಿ ಮಲಾವಿ ಪ್ರಾಥಮಿಕ ಶಾಲೆಯ ಶುಲ್ಕ ರದ್ದು ಮಾಡಿತು. ಸುಮಾರು 19 ಲಕ್ಷವಿದ್ದ ಮಕ್ಕಳ ಸಂಖ್ಯೆ ಒಂದೇ ವರ್ಷದಲ್ಲಿ 30 ಲಕ್ಷದ ಹತ್ತಿರ ಬಂತು. 1997ರಲ್ಲಿ ಉಗಾಂಡಾದ ಸರದಿ: 30 ಲಕ್ಷದಿಂದ 50 ಲಕ್ಷದಾಚೆಗೆ. 2003ರಲ್ಲಿ ಕೀನ್ಯಾ: 59 ಲಕ್ಷದಿಂದ 72 ಲಕ್ಷಕ್ಕೆ. ಮರುವರ್ಷ ಎಲ್ಡೊರೆಟ್ ಬಳಿಯ ಶಾಲೆಯೊಂದರಲ್ಲಿ ಕಿಮಾನಿ ಮರುಗೆ ಎಂಬ 84ರ ಅಜ್ಜ ಚಡ್ಡಿ ಹಾಕಿಕೊಂಡು ಒಂದನೇ ತರಗತಿಗೆ ಸೇರಿದರು. ಕೋಣೆ ಸಾಲದೆ ಮರದಡಿ ಪಾಠ ನಡೆಯಿತು, ಒಬ್ಬ ಶಿಕ್ಷಕರ ಮುಂದೆ ನೂರಕ್ಕೂ ಹೆಚ್ಚು ಮಕ್ಕಳು ಕೂತರು. ಹಾಗಿದ್ದೂ ಬಂದರು.

ಇವತ್ತು ಆಫ್ರಿಕಾ ಖಂಡದಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳು ಸುಮಾರು 60 ಕೋಟಿ. ಸೆಕೆಂಡಿಗೊಂದು ಮಗುವಿನಂತೆ, ಊಟ ನಿದ್ದೆ ಬಿಟ್ಟು ಎಣಿಸುತ್ತಾ ಕೂತರೆ ಮುಗಿಯಲು 19 ವರ್ಷ ಬೇಕು. ಇಂದು ಹುಟ್ಟಿದ ಕೂಸು ಸಹ ಅಷ್ಟರಲ್ಲಿ ಪ್ರೌಢಶಾಲೆ ದಾಟಿರುತ್ತದೆ. ಅಥವಾ ದಾಟಿರುವುದಿಲ್ಲ. ಯುನೆಸ್ಕೊ ಲೆಕ್ಕದಂತೆ ಸಹಾರಾದ ದಕ್ಷಿಣಕ್ಕಿರುವ ದೇಶಗಳಲ್ಲಿ ಶಾಲೆಯ ಹೊರಗಿರುವ ಮಕ್ಕಳು, ಹರೆಯದವರು ಹತ್ತು ಕೋಟಿಯ ಸಮೀಪ.

ಕೋಟಿಗಳಲ್ಲಿ ಮುಖಗಳು ಕಾಣುವುದಿಲ್ಲ. ಹಾಗಾಗಿ ಒಂದು ಶಾಲೆಗೆ ಹೋಗೋಣ.

ಕೀನ್ಯಾದ ರಿಫ್ಟ್ ಕಣಿವೆಯಲ್ಲಿ, ನಕುರು ಸೀಮೆಯ ಪ್ವಾನಿ ಎಂಬ ಹಳ್ಳಿಯಲ್ಲಿ ಕೆರಿಕೊ ಪ್ರೌಢಶಾಲೆ ಇದೆ. ಬರ ಬಿದ್ದು ಬಿದ್ದು ಸೊರಗಿದ ಸೀಮೆ. ಫ್ರಾನ್ಸಿಸ್ಕನ್ ಪಂಥದ ಬ್ರದರ್ ಪೀಟರ್ ಟಬಿಚಿ ಅಲ್ಲಿ ಗಣಿತ, ಭೌತಶಾಸ್ತ್ರ ಕಲಿಸುತ್ತಿದ್ದರು. 58 ಮಕ್ಕಳಿಗೆ ಒಬ್ಬ ಶಿಕ್ಷಕ. ಇಡೀ ಶಾಲೆಗೆ ಒಂದು ಕಂಪ್ಯೂಟರ್. ಇಂಟರ್‌ನೆಟ್ ಸರಿಯಾಗಿ ಸಿಗದ ಕಾರಣ ಅವರು ಸೈಬರ್ ಕೆಫೆಗೆ ಹೋಗಿ ಪಾಠದ ಸಾಮಗ್ರಿ ಇಳಿಸಿಕೊಂಡು ತರುತ್ತಿದ್ದರು. ಮಕ್ಕಳಲ್ಲಿ ಮೂರರಲ್ಲಿ ಒಂದು ಪಾಲು ಅನಾಥರು, ಇಲ್ಲವೇ ತಂದೆತಾಯಿಯರಲ್ಲಿ ಒಬ್ಬರೇ ಇರುವವರು. ಕೆಲವರು ಏಳು ಕಿಲೋಮೀಟರ್ ನಡೆದು ಬರಬೇಕು, ಮಳೆಗಾಲದಲ್ಲಿ ಆ ದಾರಿ ದಾರಿಯಾಗಿ ಉಳಿಯುವುದಿಲ್ಲ. ಟಬಿಚಿ ತಮ್ಮ ಸಂಬಳದಲ್ಲಿ ನೂರಕ್ಕೆ ಎಂಬತ್ತು ಭಾಗವನ್ನು ಊರಿನ ಬಡವರಿಗೆ ಕೊಟ್ಟುಬಿಡುತ್ತಿದ್ದರು.

ಆ ಶಾಲೆಯ ಮಕ್ಕಳು ಗಿಡಗಳಿಂದ ವಿದ್ಯುತ್ ತೆಗೆದು ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯ ಪ್ರಶಸ್ತಿ ಪಡೆದರು. ಕಣ್ಣು ಕಾಣದ, ಕಿವಿ ಕೇಳದ ಜನ ವಸ್ತುಗಳನ್ನು ಅಳೆಯುವಂಥ ಸಾಧನ ಮಾಡಿದರು. 2019ರಲ್ಲಿ ಅಮೆರಿಕದ ಅರಿಜೋನಾದಲ್ಲಿ ನಡೆದ ಅಂತರರಾಷ್ಟ್ರೀಯ ವಿಜ್ಞಾನ ಮೇಳಕ್ಕೆ ಅರ್ಹತೆ ಗಳಿಸಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಎರಡು ಅಂಕಿಗಳು. 2017ರಲ್ಲಿ ಈ ಶಾಲೆಯಿಂದ ಉನ್ನತ ಶಿಕ್ಷಣಕ್ಕೆ ಹೋದವರು 59ರಲ್ಲಿ 16 ಮಕ್ಕಳು. 2018ರಲ್ಲಿ 26. ಕಾಲೇಜಿಗೆ ಸೇರುವುದೇ ಬೇರೆ, ಪದವಿ ಮುಗಿಸುವುದೇ ಬೇರೆ, ನಿಜ. ಆದರೂ ಇಡೀ ಬೋಟ್ಸ್‌ವಾನಾ ಅಂದು ತೋರಿಸಬಹುದಾಗಿದ್ದ 22 ಜನರನ್ನು ನೆನೆಯಿರಿ. ಒಂದು ಕಂಪ್ಯೂಟರಿನ ಹಳ್ಳಿ ಶಾಲೆ ಒಂದೇ ವರ್ಷದಲ್ಲಿ ಅದಕ್ಕಿಂತ ಹೆಚ್ಚು ಮಕ್ಕಳನ್ನು ಕಾಲೇಜಿನ ಮೆಟ್ಟಿಲು ಹತ್ತಿಸಿತು.

ನಾಯಕತ್ವ ಎಂಬ ಮಾತು ಬಂದಾಗಲೂ ನನಗೆ ಈ ಶಾಲೆಯೇ ನೆನಪಾಗುತ್ತದೆ. 2007ರ ಚುನಾವಣೆಯ ನಂತರ ಕೀನ್ಯಾದಲ್ಲಿ ಬುಡಕಟ್ಟುಗಳ ನಡುವೆ ಹೊತ್ತಿಕೊಂಡ ಹಿಂಸೆಗೆ ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ನಕುರು ಕೂಡ ಉರಿಯಿತು. ಕೆರಿಕೊದಲ್ಲಿ ಓದುವ ಮಕ್ಕಳು ಏಳು ಬುಡಕಟ್ಟುಗಳವರು. ಟಬಿಚಿ ಅವರನ್ನೆಲ್ಲ ಸೇರಿಸಿ ಶಾಂತಿ ಸಂಘ ಕಟ್ಟಿದರು. ಮಕ್ಕಳು ಒಟ್ಟಿಗೆ ಗಿಡ ನೆಟ್ಟರು, ಚರ್ಚಾಸ್ಪರ್ಧೆಯಲ್ಲಿ ಒಂದೇ ತಂಡವಾಗಿ ನಿಂತರು. ಇದಕ್ಕಿಂತ ಒಳ್ಳೆಯ ನಾಯಕತ್ವದ ಪಾಠ ನನಗೆ ಗೊತ್ತಿಲ್ಲ.

ಇನ್ನೊಂದು ಹಾದಿಯೂ ಇದೆ. ಜೋಹಾನ್ಸ್‌ಬರ್ಗ್‌ನಲ್ಲಿ 2008ರಲ್ಲಿ ತೆರೆದ ಆಫ್ರಿಕನ್ ಲೀಡರ್‌ಶಿಪ್ ಅಕಾಡೆಮಿ ಖಂಡದ ಪ್ರತಿಭಾವಂತ ಹರೆಯದವರನ್ನು ಆರಿಸಿ, 50 ವರ್ಷಗಳಲ್ಲಿ 6,000 ನಾಯಕರನ್ನು ರೂಪಿಸುವ ಗುರಿ ಇಟ್ಟುಕೊಂಡಿದೆ. ಬರಗಾಲದಲ್ಲಿ ಶುಲ್ಕ ಕಟ್ಟಲಾಗದೆ ಶಾಲೆ ಬಿಟ್ಟು, ಗ್ರಂಥಾಲಯದ ಪುಸ್ತಕ ನೋಡಿ ಗುಜರಿ ಸಾಮಾನಿನಿಂದ ಗಾಳಿಯಂತ್ರ ಕಟ್ಟಿದ ಮಲಾವಿಯ ವಿಲಿಯಂ ಕಾಮ್ಕ್ವಾಂಬಾ ಓದಿದ್ದು ಅಲ್ಲೇ. ದೊಡ್ಡ ಕೆಲಸ, ಗೌರವದಿಂದಲೇ ಹೇಳುತ್ತೇನೆ. ಆದರೆ 60 ಕೋಟಿಯಲ್ಲಿ 6,000 ಎಂದರೆ ಲಕ್ಷಕ್ಕೊಬ್ಬರು. ಮಿಕ್ಕ 99,999 ಮಕ್ಕಳಿಗೆ ಬೇಕಿರುವುದು ತಮ್ಮ ಊರಿನಲ್ಲೇ ಒಬ್ಬ ಮೇಷ್ಟ್ರು.

ಆ ಮೇಷ್ಟ್ರುಗಳ ಲೆಕ್ಕವೂ ಸಿದ್ಧವಿದೆ. 2030ರೊಳಗೆ ಸಹಾರಾದ ದಕ್ಷಿಣದ ದೇಶಗಳಿಗೆ ಒಂದೂವರೆ ಕೋಟಿ ಹೊಸ ಶಿಕ್ಷಕರು ಬೇಕು ಎನ್ನುತ್ತದೆ ಯುನೆಸ್ಕೊ. 2019ರಲ್ಲಿ ದುಬೈನಲ್ಲಿ ಟಬಿಚಿ ಅವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ಸಂದಾಗ ಬಂದ ಮೊತ್ತ ಹತ್ತು ಲಕ್ಷ ಡಾಲರ್. ಅದನ್ನು ಒಂದೂವರೆ ಕೋಟಿ ಶಿಕ್ಷಕರಿಗೆ ಹಂಚಿದರೆ ತಲೆಗೆ ಏಳು ಸೆಂಟ್ ಕೂಡ ಬಾರದು. ಅವರ ಸಂಬಳ ಸರ್ಕಾರಗಳ ಬೊಕ್ಕಸದಿಂದಲೇ, ತಿಂಗಳು ತಿಂಗಳು ಬರಬೇಕು.