ನಡುಗುವ ಕೈ, ಸಿಂಪಡಿಸುವ ಮದ್ದು: ಪ್ರಯೋಗಾಲಯದವರು ಕಂಡದ್ದೇನು?



1986ರ ಫೆಬ್ರವರಿಯಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ಮಂಗಳೂರಿಗೆ ಬಂದಿದ್ದನ್ನು ಹಿರಿಯರು ಮರೆತಿರಲಾರರು. ಅಂದು ಆಶೀರ್ವದಿಸಲು ಎತ್ತಿದ ಕೈ ಗಟ್ಟಿಮುಟ್ಟಾಗಿತ್ತು. ಮುಂದೆ ಅದೇ ಕೈ ನಡುಗುವುದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. 2005ರಲ್ಲಿ ಅವರು ತೀರಿಕೊಳ್ಳುವವರೆಗೂ ಕಾಡಿದ ಆ ಕಾಯಿಲೆಯ ಹೆಸರು ಪಾರ್ಕಿನ್ಸನ್. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ವಿವರಿಸಿ ಬರೆದದ್ದರಿಂದ ಈ ಹೆಸರು. ನಮ್ಮಲ್ಲಿ ಕಂಪವಾತ ಎನ್ನುತ್ತಾರೆ.

ಈ ಕಾಯಿಲೆ ಯಾರಿಗೂ ಬರಬಹುದು. ಆದರೆ ತೋಟ ಗದ್ದೆಗಳಲ್ಲಿ ಮದ್ದು ಬಿಡುವವರಿಗೆ ಹೆಚ್ಚು ಬರುತ್ತದೆಯೇ? ಈ ಪ್ರಶ್ನೆಯ ಬೆನ್ನು ಹತ್ತಿದ ಕೆಲವು ಸಂಶೋಧಕರ ಕೆಲಸವನ್ನು ಇಲ್ಲಿ ತಿಳಿಸುತ್ತೇವೆ.

ಕಾಯಿಲೆ ಎಂದರೇನು?

ನಮ್ಮ ಮೆದುಳಿನ ತಳಭಾಗದಲ್ಲಿ ಕಪ್ಪು ಬಣ್ಣದ ಒಂದು ಚಿಕ್ಕ ಪಟ್ಟಿ ಇದೆ. ಅಲ್ಲಿನ ಜೀವಕೋಶಗಳು ಡೋಪಮಿನ್ ಎಂಬ ರಸವನ್ನು ತಯಾರಿಸುತ್ತವೆ. ಕೈಕಾಲು ಸಲೀಸಾಗಿ ಆಡಬೇಕಾದರೆ ಈ ರಸ ಬೇಕು. ಆ ಕೋಶಗಳು ಒಂದೊಂದಾಗಿ ಸಾಯುತ್ತಾ ಬಂದು, ಸುಮಾರು ಅರ್ಧದಷ್ಟು ಅಥವಾ ಅದಕ್ಕಿಂತಲೂ ಹೆಚ್ಚು ಅಳಿದ ಮೇಲಷ್ಟೇ ಕೈ ನಡುಗಲು ತೊಡಗುತ್ತದೆ. ಅಂದರೆ ಹಾನಿ ವರ್ಷಗಳ ಹಿಂದೆಯೇ ಆರಂಭವಾಗಿರುತ್ತದೆ. ಆದುದರಿಂದಲೇ ಕಾರಣ ಹುಡುಕುವುದು ಕಷ್ಟ.

ಕ್ಯಾಲಿಫೋರ್ನಿಯದ ಸುಳಿವು

1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕೆಲವು ಯುವಜನರು ಇದ್ದಕ್ಕಿದ್ದಂತೆ ಮರಗಟ್ಟಿದವರಂತಾಗಿ ಆಸ್ಪತ್ರೆ ಸೇರಿದರು. ಅವರ ಸ್ಥಿತಿ ವರ್ಷಗಟ್ಟಲೆ ಪಾರ್ಕಿನ್ಸನ್ನಿನಿಂದ ನರಳಿದ ಮುದುಕರಂತೆಯೇ ಇತ್ತು. ಡಾ. ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು ತನಿಖೆ ಮಾಡಿದಾಗ, ಇವರೆಲ್ಲರೂ ಕಳ್ಳತನದಲ್ಲಿ ತಯಾರಿಸಿದ ಒಂದು ಮಾದಕದ್ರವ್ಯವನ್ನು ಚುಚ್ಚಿಕೊಂಡಿದ್ದರೆಂದು ತಿಳಿಯಿತು. ಅದರಲ್ಲಿ ಎಂಪಿಟಿಪಿ ಎಂಬ ಕಲ್ಮಶ ಸೇರಿತ್ತು.

ನಮ್ಮ ಬಹುತೇಕ ಜೀವಕೋಶಗಳಲ್ಲಿ ಆಹಾರವನ್ನು ಉರಿಸಿ ಶಕ್ತಿ ಕೊಡುವ ಪುಟ್ಟ ಒಲೆಗಳಿವೆ. ಇವಕ್ಕೆ ಮೈಟೋಕಾಂಡ್ರಿಯ ಎಂದು ಹೆಸರು. ಎಂಪಿಟಿಪಿ ಮೆದುಳಿನಲ್ಲಿ ಇನ್ನೊಂದು ವಿಷವಾಗಿ ಮಾರ್ಪಟ್ಟು ಈ ಒಲೆಯನ್ನು ನಂದಿಸುತ್ತದೆ. ಹಾಗೆ ಮಾರ್ಪಟ್ಟ ವಿಷದ ರಚನೆ ಪ್ಯಾರಾಕ್ವಾಟ್ ಎಂಬ ಕಳೆನಾಶಕದ ರಚನೆಯನ್ನು ಬಹಳ ಹೋಲುತ್ತದೆ! ಹೊರಗಿನ ವಿಷವೂ ಕಂಪವಾತ ತರಬಲ್ಲುದೆಂದು ಜಗತ್ತಿಗೆ ಸ್ಪಷ್ಟವಾದದ್ದು ಆಗ.

ಅಟ್ಲಾಂಟದ ಪ್ರಯೋಗಾಲಯ

ಈ ಎಳೆಯನ್ನು ಹಿಡಿದು ಮುಂದೆ ನಡೆದವರು ಅಟ್ಲಾಂಟ ನಗರದ ಎಮರಿ ವಿಶ್ವವಿದ್ಯಾನಿಲಯದ ಡಾ. ತಿಮೋತಿ ಗ್ರೀನಮೈರ್ ಮತ್ತು ಅವರ ಪ್ರಯೋಗಾಲಯದವರು. ರಂಜಿತಾ ಬೆಟರ್ಬೆಟ್, ಟಾಡ್ ಶೆರರ್ ಮೊದಲಾದವರು ಆ ತಂಡದಲ್ಲಿದ್ದರು. ಅವರು ಆರಿಸಿಕೊಂಡದ್ದು ರೋಟಿನೋನ್ ಎಂಬ ವಿಷ. ಇದು ಕಾರ್ಖಾನೆಯಲ್ಲಿ ಹುಟ್ಟಿದ್ದಲ್ಲ. ಉಷ್ಣವಲಯದ ಕೆಲವು ಬಳ್ಳಿಗಳ ಬೇರಿನಲ್ಲಿರುವಂಥದ್ದು. ಆ ಬೇರನ್ನು ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುವ ರೂಢಿ ಹಳೆಯದು. ಅಮೆರಿಕದ ತೋಟಗಾರರು ಇದನ್ನು "ನೈಸರ್ಗಿಕ ಮದ್ದು" ಎಂದು ತರಕಾರಿಗೂ ಬಳಸುತ್ತಿದ್ದರು. ರೋಟಿನೋನ್ ಕೂಡ ಜೀವಕೋಶದ ಒಲೆಯನ್ನೇ ನಂದಿಸುತ್ತದೆ.

ತಂಡದವರು ಇಲಿಗಳ ರಕ್ತಕ್ಕೆ ಸ್ವಲ್ಪ ಸ್ವಲ್ಪವಾಗಿ, ಎಡೆಬಿಡದೆ ಈ ವಿಷ ಸೇರುವಂತೆ ಮಾಡಿದರು. 2000ದಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ವಿಷ ಇಡೀ ಮೆದುಳಿಗೆ ಒಂದೇ ಸಮನೆ ಹರಡಿತ್ತು. ಆದರೆ ಮುಖ್ಯವಾಗಿ ಸತ್ತದ್ದು ಡೋಪಮಿನ್ ತಯಾರಿಸುವ ಕೋಶಗಳು. ಇಲಿಗಳ ಚಲನೆ ನಿಧಾನವಾಯಿತು, ಮೈ ಸೆಟೆದುಕೊಂಡಿತು. ರೋಗಿಗಳ ಮೆದುಳಿನಲ್ಲಿ ಕಾಣುವಂಥ ಪ್ರೋಟೀನಿನ ಗಂಟುಗಳೂ ಇಲಿಗಳಲ್ಲಿ ಕಂಡುಬಂದವು. ಆದರೆ ಎಲ್ಲ ಇಲಿಗಳಿಗೂ ಹೀಗಾಗಲಿಲ್ಲ. ಒಂದೇ ವಿಷವನ್ನು ಕೆಲವು ತಡೆದುಕೊಂಡವು, ಕೆಲವು ತಡೆದುಕೊಳ್ಳಲಿಲ್ಲ. "ನಾನು ಇಷ್ಟು ವರ್ಷ ಬರಿಗೈಯಲ್ಲಿ ಬೆರೆಸಿದ್ದೇನೆ, ನನಗೇನೂ ಆಗಿಲ್ಲ" ಎನ್ನುವವರು ಇದನ್ನು ಗಮನಿಸಬೇಕು.

ಮುಂದೆ ಟಾಡ್ ಶೆರರ್, ಸ್ವತಃ ಈ ಕಾಯಿಲೆ ಇರುವ ನಟ ಮೈಕಲ್ ಜೆ. ಫಾಕ್ಸ್ ಸ್ಥಾಪಿಸಿದ ಸಂಶೋಧನಾ ಪ್ರತಿಷ್ಠಾನವನ್ನು ಸೇರಿ ಅದರ ಮುಖ್ಯಸ್ಥರಾದರು. ಗ್ರೀನಮೈರ್ ಪಿಟ್ಸ್‌ಬರ್ಗಿಗೆ ಹೋಗಿ ಕೆಲಸ ಮುಂದುವರಿಸಿದರು. 2018ರಲ್ಲಿ ಅಲ್ಲಿನ ತಂಡ ಇನ್ನೊಂದು ಸಂಗತಿಯನ್ನು ತೋರಿಸಿತು. ಕೆಲವು ಮನೆತನಗಳಲ್ಲಿ ಕಂಪವಾತ ವಂಶಪಾರಂಪರ್ಯವಾಗಿ ಬರಲು ಒಂದು ಪ್ರೋಟೀನಿನ ಅತಿಯಾದ ಚಟುವಟಿಕೆ ಕಾರಣವೆಂದು ಮೊದಲೇ ಗೊತ್ತಿತ್ತು. ವಂಶದ ದೋಷವಿಲ್ಲದ ರೋಗಿಗಳಲ್ಲಿಯೂ, ರೋಟಿನೋನ್ ಪಡೆದ ಇಲಿಗಳಲ್ಲಿಯೂ ಅದೇ ಪ್ರೋಟೀನು ಅತಿಯಾಗಿ ದುಡಿಯುತ್ತಿತ್ತು. ಹುಟ್ಟಿನಿಂದ ಬಂದದ್ದೂ ಹೊರಗಿನಿಂದ ಸೇರಿದ್ದೂ ಒಂದೇ ದಾರಿಯಲ್ಲಿ ಹಾನಿ ಮಾಡಬಹುದೆಂದು ಇದರಿಂದ ಊಹಿಸಬಹುದು.

ಇಲಿಯ ಮಾತು ಮನುಷ್ಯನಿಗೆ ಸಲ್ಲುತ್ತದೆಯೇ?

ಇಲಿಯ ರಕ್ತನಾಳಕ್ಕೆ ವಿಷ ಹರಿಸುವುದೂ ಕೃಷಿಕ ಪಂಪು ಹೊತ್ತು ಮದ್ದು ಬಿಡುವುದೂ ಒಂದೇ ಅಲ್ಲ. ಅದಕ್ಕಾಗಿ ಮನುಷ್ಯರನ್ನೇ ವಿಚಾರಿಸಬೇಕಾಯಿತು. ಅಮೆರಿಕದ ಅಯೋವಾ ಮತ್ತು ನಾರ್ತ್ ಕ್ಯಾರೊಲೈನ ರಾಜ್ಯಗಳಲ್ಲಿ ಮದ್ದು ಸಿಂಪಡಿಸುವವರು ಮತ್ತು ಅವರ ಮನೆಯವರ ಪೈಕಿ 110 ರೋಗಿಗಳನ್ನೂ 358 ಮಂದಿ ರೋಗವಿಲ್ಲದವರನ್ನೂ ಹೋಲಿಸಿ ನೋಡಲಾಯಿತು. ಡಾ. ಕ್ಯಾರೊಲಿನ್ ಟ್ಯಾನರ್ ಮತ್ತು ಸಂಗಡಿಗರು 2011ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ಲ್ಯಾಂಗ್‌ಸ್ಟನ್ ಅವರೂ ಇದರಲ್ಲಿದ್ದರು. ಪ್ಯಾರಾಕ್ವಾಟ್ ಅಥವಾ ರೋಟಿನೋನ್ ಬಳಸಿದವರಲ್ಲಿ ಕಂಪವಾತದ ಸಂಭವ ಸುಮಾರು ಎರಡೂವರೆ ಪಟ್ಟು ಹೆಚ್ಚು ಎಂದು ಕಂಡುಬಂತು.

ಇದರ ಅರ್ಥ ಬಳಸಿದವರಿಗೆಲ್ಲ ರೋಗ ಬರುತ್ತದೆಂದಲ್ಲ, ಹೆಚ್ಚಿನವರಿಗೆ ಬರುವುದಿಲ್ಲ. ಆದರೆ ಅಪಾಯವನ್ನು ತಳ್ಳಿಹಾಕುವಂತಿಲ್ಲ. ಫ್ರಾನ್ಸ್ ದೇಶ 2012ರಲ್ಲಿ ಪಾರ್ಕಿನ್ಸನ್ನನ್ನು ಕೃಷಿಕರ ವೃತ್ತಿಯಿಂದ ಬರುವ ರೋಗಗಳ ಪಟ್ಟಿಗೆ ಸೇರಿಸಿತು. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದ ದಿನಗಳನ್ನು ಕಂಡ ನಮ್ಮ ಕಾಸರಗೋಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸುಪ್ರೀಂ ಕೋರ್ಟು ಅದನ್ನು ತಡೆದ 2011ರಲ್ಲೇ ಕೇರಳ ಸರಕಾರ ಪ್ಯಾರಾಕ್ವಾಟ್ ಸೇರಿದಂತೆ ಹಲವು ಮದ್ದುಗಳನ್ನು ರಾಜ್ಯದಲ್ಲಿ ನಿಷೇಧಿಸಿತು.

ಕೈಗವಸಿನ ಬೆಲೆ

2015ರಲ್ಲಿ ಅದೇ ಕೃಷಿಕರ ಕುರಿತು ಇನ್ನೊಂದು ವರದಿ ಬಂತು. ಪ್ಯಾರಾಕ್ವಾಟ್ ಬಳಸಿದವರಲ್ಲಿ ಯಾರು ಕೈಗವಸು ಹಾಕುತ್ತಿರಲಿಲ್ಲವೋ ಅವರಲ್ಲಿ ರೋಗ ಹೆಚ್ಚು ಕಂಡಿತು. ತಪ್ಪದೆ ಹಾಕುತ್ತಿದ್ದವರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಆದುದರಿಂದ:

1. ಮದ್ದು ಬೆರೆಸುವಾಗಲೇ ಅಪಾಯ ಹೆಚ್ಚು, ಏಕೆಂದರೆ ಆಗ ವಿಷ ಗಟ್ಟಿಯಾಗಿರುತ್ತದೆ. ರಬ್ಬರ್ ಕೈಗವಸು ಹಾಕಿ, ಕೋಲಿನಿಂದ ಕದಡಿ. ಬಟ್ಟೆಯ ಕೈಗವಸು ಮದ್ದನ್ನು ಹೀರಿಕೊಳ್ಳುತ್ತದೆ, ಅದು ಬೇಡ.
2. ಪಂಪು ಸೋರುತ್ತಿದ್ದರೆ ಬೆನ್ನಿಗೆ ಹೊರಬೇಡಿ. ಕಟ್ಟಿದ ನಳಿಕೆಗೆ ಬಾಯಿಟ್ಟು ಊದಬೇಡಿ.
3. ಗಾಳಿಗೆ ಎದುರಾಗಿ ಸಿಂಪಡಿಸಬೇಡಿ. ಕೆಲಸದ ನಡುವೆ ಎಲೆಯಡಿಕೆ, ಬೀಡಿ ಬೇಡ.
4. ಮುಗಿದ ಕೂಡಲೇ ಸೋಪು ಹಚ್ಚಿ ಸ್ನಾನ ಮಾಡಿ. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ಒಗೆಯಬೇಡಿ.
5. ಮದ್ದನ್ನು ಸೋಡಾ, ಶರಬತ್ತಿನ ಬಾಟಲಿಗೆ ತುಂಬಿಡಬೇಡಿ. ಪ್ಯಾರಾಕ್ವಾಟ್ ಒಂದು ಗುಟುಕು ಹೊಟ್ಟೆ ಸೇರಿದರೂ ಪ್ರಾಣ ಹೋಗಬಹುದು, ಅದಕ್ಕೆ ಪ್ರತಿವಿಷವಿಲ್ಲ.
6. ಸಾಧ್ಯವಾದಲ್ಲಿ ಕಳೆಯನ್ನು ಕತ್ತಿಯಿಂದಲೋ ಯಂತ್ರದಿಂದಲೋ ಸವರಿ, ಅದನ್ನೇ ಬುಡಕ್ಕೆ ಮುಚ್ಚಿಗೆ ಹಾಕಿ.

ಅಡಿಕೆಗೆ ಬಿಡುವ ಬೋರ್ಡೋ ದ್ರಾವಣದಲ್ಲಿ ಇರುವುದು ಮೈಲುತುತ್ತು ಮತ್ತು ಸುಣ್ಣ. ಮೇಲೆ ಹೇಳಿದ ಎರಡು ವಿಷಗಳಲ್ಲ. ಆದರೂ ಮೈ ಕೈಗಳ ಜಾಗ್ರತೆ ಅಲ್ಲಿಯೂ ಬೇಕು. ಕೂಲಿಗೆ ಮದ್ದು ಬಿಡಲು ಬರುವವರಿಗೂ ಕೈಗವಸು ಕೊಡುವುದು ತೋಟದ ಯಜಮಾನರ ಕರ್ತವ್ಯ.

ಲಕ್ಷಣ ಕಂಡರೆ

ಸುಮ್ಮನೆ ಕುಳಿತಾಗ ಒಂದು ಬದಿಯ ಕೈ ಜಪಸರದ ಮಣಿ ಎಣಿಸುವಂತೆ ನಡುಗುವುದು, ನಡೆಯುವಾಗ ಒಂದು ಕೈ ಬೀಸದಿರುವುದು, ಅಕ್ಷರ ಚಿಕ್ಕದಾಗುತ್ತಾ ಹೋಗುವುದು, ವಾಸನೆ ತಿಳಿಯದಿರುವುದು, ಹೆಜ್ಜೆ ಕಿರಿದಾಗುವುದು: ಇವುಗಳನ್ನು ಮುಪ್ಪೆಂದು ಬಿಡಬೇಡಿ. ಲೋಟ ಎತ್ತುವಾಗ ಮಾತ್ರ ನಡುಗುವ ಕೈಗೆ ಬೇರೆ ಕಾರಣವಿರಬಹುದು. ನರರೋಗ ತಜ್ಞರು ನೋಡಿ ಹೇಳಬಲ್ಲರು. ರೋಗವನ್ನು ಬೇರುಸಹಿತ ಕೀಳುವ ಔಷಧಿ ಇಲ್ಲದಿದ್ದರೂ ಲೆವೊಡೋಪ ಎಂಬ ಗುಳಿಗೆಯಿಂದ ಅನೇಕರು ವರ್ಷಗಟ್ಟಲೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ. ಅದನ್ನು ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ ಸೇವಿಸಬೇಕು, ಒಮ್ಮೆಲೇ ನಿಲ್ಲಿಸಬಾರದು.

ಸತ್ತ ಕೋಶಗಳನ್ನು ಮರಳಿ ತರಲು ಯಾವ ಪ್ರಯೋಗಾಲಯಕ್ಕೂ ಇದುವರೆಗೆ ಸಾಧ್ಯವಾಗಿಲ್ಲ. ಇರುವುದನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಮುಂದಿನ ಬಾರಿ ಪೇಟೆಗೆ ಹೋದಾಗ ಮದ್ದಿನೊಂದಿಗೆ ಒಂದು ಜೊತೆ ಕೈಗವಸನ್ನೂ ತನ್ನಿ.