ಕಪ್ಪು ಬೀರು ಮತ್ತು ರಾಗಿಯ ಹುರಿಹಿಟ್ಟು

ಹುರಿಹಿಟ್ಟಿನ ಡಬ್ಬಿಯ ಮುಚ್ಚಳವನ್ನು ತೆರೆದೊಡನೆ ಮೂಗಿಗೆ ಬಡಿಯುವ ಕಮ್ಮನೆಯ ವಾಸನೆಯನ್ನು ಹಳೆಯ ಮೈಸೂರು ಸೀಮೆಯಲ್ಲಿ ಅರಿಯದವರು ವಿರಳ. ನಂಜನಗೂಡು ತಾಲ್ಲೂಕಿನ ಬದನವಾಳುವಿನಂತಹ ಊರುಗಳಲ್ಲಿ ಅದು ಅಡಿಗೆಮನೆಯ ನಿತ್ಯದ ಪರಿಮಳ. ಈ ಪರಿಮಳದ ನಂಟನೊಬ್ಬನು ಲಂಡನ್ ನಗರದಲ್ಲಿ ಮುನ್ನೂರು ವರ್ಷಗಳ ಹಿಂದೆ ಹುಟ್ಟಿದನು. ಆತನ ಹೆಸರು ಪೋರ್ಟರ್. ಅದು ಒಂದು ಬಗೆಯ ಕಪ್ಪು ಬೀರು. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಲಂಡನ್ನಿನ ಬೀದಿಗಳಲ್ಲಿಯೂ ಹಡಗುಕಟ್ಟೆಗಳಲ್ಲಿಯೂ ಹೊರೆ ಹೊರುತ್ತಿದ್ದ ಕೂಲಿಗಳು, ಎಂದರೆ ಪೋರ್ಟರುಗಳು, ಇದನ್ನು ಬಹುವಾಗಿ ಮೆಚ್ಚಿ ಕುಡಿಯುತ್ತಿದ್ದುದರಿಂದ ಅವರ ಹೆಸರೇ ಅದಕ್ಕೆ ನಿಂತಿತು.

ಬದನವಾಳು ಎಂದೊಡನೆ ನೆನಪಾಗುವುದು ಗಾಂಧೀಜಿಯವರು ಭೇಟಿಯಿತ್ತ ಖಾದಿ ಕೇಂದ್ರ. 2015ರಲ್ಲಿ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆದುದೂ ಅಲ್ಲಿಯೇ. ಅಂತಹ ಊರನ್ನು ಹೆಸರಿಸಿ ಬೀರಿನ ಮಾತೆತ್ತಿದರೆ ಹಿರಿಯರು ಹುಬ್ಬು ಗಂಟಿಕ್ಕಿಯಾರು. ನಾವು ನಮ್ಮ ವಿದ್ಯಾರ್ಥಿ ಮಿತ್ರರನ್ನು ಬೀರು ಕುಡಿಯಲು ಕರೆಯುತ್ತಿಲ್ಲ. ಪೋರ್ಟರನ್ನು ಬಲ್ಲವರು ಅದರಲ್ಲಿ ಮೆಚ್ಚುವ ಗುಣಗಳಲ್ಲಿ ಮದ್ಯಸಾರದಿಂದ ಬಂದವು ಸ್ವಲ್ಪ. ಮೊಳೆತ ಕಾಳಿಗೆ ಬೆಂಕಿ ತಗುಲಿದುದರಿಂದ ಬಂದವೇ ಹೆಚ್ಚು. ಆ ಪಾಠವನ್ನು ರಾಗಿಯಿಂದಲೇ ಕಲಿಯಬಹುದು. ಹಾಗೆ ಕಲಿತರೆ ಎಳೆಯ ಮಕ್ಕಳ ಗಂಜಿಗೆ ಸಂಬಂಧಿಸಿದ ಒಂದು ಮುಖ್ಯ ಸಂಗತಿಯೂ ತಾನಾಗಿ ತಿಳಿದುಬರುವುದು.

ಬೀರಿನ ಮೂಲ ಜವೆಗೋಧಿ. ಕಾಳಿನೊಳಗಿರುವುದು ಪಿಷ್ಟ. ಬೀರಿಗೆ ಹಾಕುವ ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಪಿಷ್ಟವನ್ನು ತಿನ್ನಲಾರದು. ಅದಕ್ಕೆ ಸಕ್ಕರೆ ಬೇಕು. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಉಪಾಯವನ್ನು ಕಾಳು ತನ್ನಲ್ಲಿಯೇ ಇಟ್ಟುಕೊಂಡಿದೆ. ನೀರು ಕುಡಿದು ಉಬ್ಬಿದ ಕಾಳಿನ ಅಂಕುರವು ಎಚ್ಚತ್ತು ಒಂದು ರಾಸಾಯನಿಕ ಸಂದೇಶವನ್ನು ಕಾಳಿನ ಹೊರಪದರಕ್ಕೆ ಕಳುಹಿಸುತ್ತದೆ. ಆ ಪದರದ ಜೀವಕೋಶಗಳು ಅಮೈಲೇಸ್ ಎಂಬ ಕಿಣ್ವವನ್ನು ಸ್ರವಿಸುತ್ತವೆ. ಈ ಕಿಣ್ವವು ಪಿಷ್ಟದ ಉದ್ದನೆಯ ಸರಪಳಿಯನ್ನು ತುಂಡುತುಂಡಾಗಿ ಕತ್ತರಿಸುವುದು. ಎಳೆಯ ಸಸಿಗೆಂದು ಸಿದ್ಧವಾದ ಈ ಊಟವನ್ನು ಮನುಷ್ಯನು ನಡುವೆ ನಿಂತು ಕಸಿದುಕೊಳ್ಳುತ್ತಾನೆ. ಮೊಳಕೆ ತಕ್ಕಷ್ಟು ಬೆಳೆದೊಡನೆ ಒಣಗಿಸಿ ಅದರ ಬೆಳವಣಿಗೆಯನ್ನು ನಿಲ್ಲಿಸುತ್ತಾನೆ. ಹೀಗೆ ಮೊಳೆಯಿಸಿ ಒಣಗಿಸಿದ ಕಾಳಿಗೆ ಮಾಲ್ಟ್ ಎಂದು ಹೆಸರು. ನಮ್ಮ ಮನೆಗಳಲ್ಲಿ ರಾಗಿಯನ್ನು ನೆನೆಯಿಟ್ಟು, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಬೀಸುವುದೂ ಇದೇ ಕೆಲಸ.

ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ ಎಂಬ ವಿಜ್ಞಾನಿಗಳು ರಾಗಿಯೇ ಮೊದಲಾದ ಉಷ್ಣವಲಯದ ಧಾನ್ಯಗಳನ್ನು ಮೊಳೆಯಿಸಿ ಪರೀಕ್ಷಿಸಿದರು. 1986ರಲ್ಲಿ ಅವರ ಲೇಖನ ಪ್ರಕಟವಾದುದು ಇಂಗ್ಲೆಂಡಿನ ಬೀರು ತಯಾರಕರ ಸಂಸ್ಥೆಯ ಪತ್ರಿಕೆಯಲ್ಲಿ. ಮುದ್ದೆಯ ರಾಗಿಗೂ ಪೋರ್ಟರಿನ ಜವೆಗೋಧಿಗೂ ನಾವು ಗಂಟುಹಾಕಿದುದು ಬಲವಂತದ ಸಂಬಂಧವಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಬೆಂಕಿಯ ಪಾತ್ರವನ್ನು ನೋಡೋಣ. ಎರಡು ಹಿಡಿ ರಾಗಿಯನ್ನು ತೆಗೆದುಕೊಳ್ಳಿ. ಒಂದು ಮೊಳೆಯಿಸಿ ಒಣಗಿಸಿದುದು, ಇನ್ನೊಂದು ಹಾಗೆಯೇ ಇದ್ದುದು. ಬಾಣಲೆಯಲ್ಲಿ ಒಂದೇ ಉರಿಯ ಮೇಲೆ ಬೇರೆಬೇರೆಯಾಗಿ ಹುರಿಯಿರಿ. ಮೊಳೆತ ರಾಗಿಯು ಬೇಗ ಕಂದುವುದು, ಅದರ ವಾಸನೆಯೂ ಗಾಢವಾಗಿರುವುದು. ಮೊಳಕೆಯೊಡೆಯುವಾಗ ಪಿಷ್ಟದಿಂದ ಸಕ್ಕರೆಯೂ ಪ್ರೋಟೀನಿನಿಂದ ಅಮೈನೊ ಆಮ್ಲಗಳೂ ಬಿಡಿಯಾಗಿರುತ್ತವೆ. ಕಾವಿನಲ್ಲಿ ಇವೆರಡೂ ಕೂಡಿ ಕಂದುಬಣ್ಣದ ವಸ್ತುಗಳನ್ನೂ ನೂರಾರು ಸುವಾಸನಾ ದ್ರವ್ಯಗಳನ್ನೂ ಹುಟ್ಟಿಸುತ್ತವೆ. ಫ್ರಾನ್ಸಿನ ಲೂಯಿ ಕಮೀಯ್ ಮಾಯಾರ್ ಎಂಬಾತನು 1912ರಲ್ಲಿ ಈ ಕ್ರಿಯೆಯನ್ನು ವರ್ಣಿಸಿದುದರಿಂದ ಅವನ ಹೆಸರಿನಿಂದಲೇ ಇದು ಪ್ರಸಿದ್ಧವಾಗಿದೆ. ದೋಸೆಯ ಕೆಂಪು, ರೊಟ್ಟಿಯ ಕಂದು, ಹುರಿದ ಕಾಫಿಬೀಜದ ಕಪ್ಪು ಇವುಗಳಲ್ಲೆಲ್ಲ ಅದರ ಕೈವಾಡವಿದೆ.

ಪೋರ್ಟರ್ ಕುಡಿದವರು ‘ಕಾಫಿಯ ರುಚಿ, ಕೋಕೋವಿನ ರುಚಿ’ ಎಂದು ಹೇಳುವುದುಂಟು. ಸಾಂಪ್ರದಾಯಿಕ ಪೋರ್ಟರಿನಲ್ಲಿ ಕಾಫಿಯೂ ಇಲ್ಲ, ಕೋಕೋವೂ ಇಲ್ಲ. ಮೂರರಲ್ಲಿಯೂ ಹುರಿದಾಗ ಹುಟ್ಟುವ ಪೈರಜೀನ್ ಮೊದಲಾದ ದ್ರವ್ಯಗಳು ಇರುವುದರಿಂದ ಮೂಗು ಬಂಧುತ್ವವನ್ನು ಗುರುತಿಸುತ್ತದೆ, ಅಷ್ಟೆ. ನಂಜನಗೂಡಿನಲ್ಲಿ 1989ರಲ್ಲಿ ಆರಂಭವಾದ ನೆಸ್ಲೆ ಕಾಫಿ ಕಾರ್ಖಾನೆಯಲ್ಲಿ ಬೀಜ ಹುರಿಯುವವರೂ, ಲಂಡನ್ನಿನಲ್ಲಿ ಮಾಲ್ಟ್ ಹುರಿಯುವವರೂ, ಬದನವಾಳುವಿನಲ್ಲಿ ರಾಗಿ ಹುರಿಯುವ ಅಜ್ಜಿಯೂ ಒಂದೇ ರಸಾಯನಶಾಸ್ತ್ರವನ್ನು ನಂಬಿ ನಡೆಯುವವರು.

ಆದರೆ ಇಲ್ಲೊಂದು ತೊಡಕುಂಟು. ಪರಿಮಳವನ್ನು ಕೊಡುವ ಬೆಂಕಿಯೇ ಕಿಣ್ವವನ್ನು ಕೊಲ್ಲುವುದು. ಬಿಳಿಯ ಮಾಲ್ಟನ್ನು ಸುಮಾರು 80 ಡಿಗ್ರಿ ಸೆಂಟಿಗ್ರೇಡಿನ ಕಾವಿನಲ್ಲಿ ಒಣಗಿಸುತ್ತಾರೆ. ಅಮೈಲೇಸ್ ಬಹುಪಾಲು ಉಳಿಯುತ್ತದೆ. ಕಪ್ಪು ಮಾಲ್ಟನ್ನು ಹುರಿಯುವುದು 200 ಡಿಗ್ರಿಯನ್ನು ಮೀರಿದ ಉಷ್ಣತೆಯಲ್ಲಿ. ಅಲ್ಲಿ ಕಿಣ್ವದ ಸುಳಿವೂ ಉಳಿಯದು. ಹಿಂದಿನ ಲಂಡನ್ನಿನವರು ಸೌದೆಯ ಬೆಂಕಿಯಲ್ಲಿ ಒಣಗಿಸಿದ ಕಂದು ಮಾಲ್ಟಿನಿಂದಲೇ ಪೋರ್ಟರನ್ನು ಮಾಡುತ್ತಿದ್ದರು. ಅದರ ವ್ಯಾಪಾರ ಎಷ್ಟು ದೊಡ್ಡದಾಗಿತ್ತೆಂದರೆ, ಮನೆಯೆತ್ತರದ ಮರದ ಪೀಪಾಯಿಗಳಲ್ಲಿ ಅದನ್ನು ತಿಂಗಳುಗಟ್ಟಲೆ ಹಳೆಯದಾಗಿಸುತ್ತಿದ್ದರು. 1814ರ ಅಕ್ಟೋಬರ್ 17ರಂದು ಅಂತಹ ಪೀಪಾಯಿಯೊಂದು ಒಡೆದು, ಹರಿದ ಪೋರ್ಟರಿನ ಪ್ರವಾಹಕ್ಕೆ ಸಿಕ್ಕಿ ಬಡವರ ಕೇರಿಯಲ್ಲಿ ಎಂಟು ಮಂದಿ ಸತ್ತರು.

1784ರಲ್ಲಿ ಜಾನ್ ರಿಚರ್ಡ್‌ಸನ್ ಎಂಬಾತನು ಸಕ್ಕರೆಯ ಸಾಂದ್ರತೆಯನ್ನಳೆಯುವ ಉಪಕರಣದ ಬಳಕೆಯನ್ನು ಬೀರು ತಯಾರಕರಿಗೆ ವಿವರಿಸಿದನು. ನಮ್ಮಲ್ಲಿ ಹಾಲಿಗೆ ನೀರು ಬೆರೆಸಿದುದನ್ನು ಹಿಡಿಯಲು ಲ್ಯಾಕ್ಟೊಮೀಟರನ್ನು ತೇಲಿಬಿಡುವರಷ್ಟೆ. ಇದೂ ಅದೇ ಜಾತಿಯದು. ತೇಲಿಬಿಟ್ಟು ನೋಡಿದಾಗ, ಕಂದು ಮಾಲ್ಟಿಗೆ ತೆತ್ತ ಹಣಕ್ಕೆ ಬಿಳಿಯ ಮಾಲ್ಟಿನಷ್ಟು ಸಕ್ಕರೆ ದೊರೆಯುತ್ತಿಲ್ಲವೆಂಬುದು ಬೆಳಕಿಗೆ ಬಂದಿತು. ತಯಾರಕರು ಬಿಳಿಯ ಮಾಲ್ಟಿನತ್ತ ತಿರುಗಿದರು. ಬೀರಿನ ಬಣ್ಣ ಪೇಲವವಾಯಿತು. ಕೆಲವರು ಸುಟ್ಟ ಸಕ್ಕರೆಯನ್ನು ಬೆರೆಸಿ ಕಪ್ಪು ಮಾಡಿದರು. 1816ರ ಕಾನೂನು ಅದನ್ನು ನಿಷೇಧಿಸಿತು. ಮರುವರ್ಷವೇ, 1817ರಲ್ಲಿ, ಡೇನಿಯಲ್ ವೀಲರನು ಕಾಫಿ ಹುರಿಯುವ ಉರುಳೆಯಂತಹ ಯಂತ್ರದಲ್ಲಿ ಮಾಲ್ಟನ್ನು ಕಪ್ಪಗೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದನು. ಅಂದಿನಿಂದ ಪೋರ್ಟರಿನಲ್ಲಿ ಬಹುಭಾಗ ಬಿಳಿಯ ಮಾಲ್ಟು, ಸ್ವಲ್ಪ ಭಾಗ ಕಪ್ಪು ಮಾಲ್ಟು. ಒಂದು ಸಕ್ಕರೆಯನ್ನು ಕೊಡುತ್ತದೆ, ಇನ್ನೊಂದು ಬಣ್ಣ ಪರಿಮಳಗಳನ್ನು ಕೊಡುತ್ತದೆ. ಯಂತ್ರಕ್ಕಿಂತ ಈ ವಿಭಾಗದ ಯುಕ್ತಿಯೇ ದೊಡ್ಡದೆಂದು ನಮ್ಮ ಅಭಿಪ್ರಾಯ.

ಈಸ್ಟ್ ಇಂಡಿಯಾ ಕಂಪೆನಿಯ ಕಾಲದಲ್ಲಿ ಪೋರ್ಟರು ಹಡಗೇರಿ ಭಾರತದ ದಂಡುಗಳಿಗೂ ಬಂದಿತು. ಆಮೇಲೆ ದಕ್ಷಿಣದ ಕೆಲವು ಬೀರು ಕಾರ್ಖಾನೆಗಳು ಕೂಡಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಆದವು. ಇಂದು ನಮ್ಮಲ್ಲಿ ಹೆಚ್ಚಾಗಿ ಮಾರುವುದು ತಿಳಿಹಳದಿಯ ಲಾಗರ್ ಬೀರು. ಕಪ್ಪು ಬೀರು ಸಿಕ್ಕುವುದು 2010ರಿಂದೀಚೆಗೆ ಬೆಂಗಳೂರಿನಲ್ಲಿ ಹೆಚ್ಚಿದ, ತಮ್ಮಲ್ಲಿಯೇ ಬೀರು ತಯಾರಿಸುವ ಪಬ್ಬುಗಳಲ್ಲಿ.

ಬಲ್ಲವರು ಪೋರ್ಟರನ್ನು ಹೇಗೆ ಪರೀಕ್ಷಿಸುತ್ತಾರೆ? ಮೊದಲು ಲೋಟವನ್ನು ಬೆಳಕಿಗೆ ಹಿಡಿಯುತ್ತಾರೆ. ಕಪ್ಪೆಂದು ತೋರಿದುದು ಅಂಚಿನಲ್ಲಿ ಮಾಣಿಕ್ಯದಂತೆ ಕೆಂಪಗೆ ಕಾಣಿಸುವುದು. ನೊರೆಯು ಕಂದು ಛಾಯೆಯದು. ಆಮೇಲೆ ಮೂಗು. ಬೀರು ಬಹಳ ತಣ್ಣಗಿದ್ದರೆ ಸುವಾಸನೆಗಳು ಆವಿಯಾಗಿ ಮೇಲೇಳುವುದಿಲ್ಲ. ಆದುದರಿಂದ ಪೋರ್ಟರನ್ನು ಹತ್ತು ಹನ್ನೆರಡು ಡಿಗ್ರಿಯಲ್ಲಿ ಕೊಡುವುದು ವಾಡಿಕೆ. ಮಂಜಿನಂತೆ ತಣ್ಣಗಿರುವುದೇ ಹೆಚ್ಚುಗಾರಿಕೆಯೆಂಬ ಜಾಹೀರಾತುಗಳು ರುಚಿಯ ದೋಷಗಳನ್ನು ಮುಚ್ಚುವುದಕ್ಕೆ ಮಾತ್ರ ಅನುಕೂಲ. ಹುರಿದ ವಾಸನೆಯ ಹಿಂದೆ ಕೆಲವೊಮ್ಮೆ ಹಣ್ಣಿನ ವಾಸನೆ ಸುಳಿಯುವುದು. ಯೀಸ್ಟ್ ತಯಾರಿಸುವ ಐಸೊ ಅಮೈಲ್ ಅಸಿಟೇಟ್ ಎಂಬ ಎಸ್ಟರ್ ಅದಕ್ಕೆ ಒಂದು ಕಾರಣ. ಬಾಳೆಹಣ್ಣಿನ ಪರಿಮಳದಲ್ಲಿಯೂ ಅದೇ ಪ್ರಮುಖ. ಕೊನೆಗೆ ನಾಲಗೆ: ಉಳಿದ ಸಕ್ಕರೆಯ ಸವಿ, ಹಾಪ್ ಹೂವಿನ ಕಹಿ, ಕಪ್ಪು ಮಾಲ್ಟಿನ ಒಣಗಹಿ ಮತ್ತು ನಸುಹುಳಿ. ಇವುಗಳಲ್ಲಿ ಒಂದು ಇನ್ನೊಂದನ್ನು ತುಳಿಯದಿದ್ದರೆ ಬೀರು ಚೆನ್ನಾಗಿದೆ ಎನ್ನುವರು. ಸುಟ್ಟ ಬೂದಿಯಂತೆ ಗಂಟಲು ಕೆರೆದರೆ ಹುರಿದವನು ಕೈಮೀರಿದನೆಂದು ಅರ್ಥ.

ಮೂಗಿಗೂ ನಾಲಗೆಗೂ ಇರುವ ವ್ಯತ್ಯಾಸವನ್ನು ಅರಿಯಲು ಹುರಿಹಿಟ್ಟೇ ಸಾಕು. ನೀರಿನಲ್ಲಿ ಕಲಸಿದ ಹಿಟ್ಟನ್ನು ಮೂಗನ್ನು ಬಿಗಿಹಿಡಿದು ಬಾಯಿಗೆ ಹಾಕಿಕೊಳ್ಳಿ. ಮಂದವಾದ ಸಪ್ಪೆ, ತುಸು ಕಹಿ, ಅಷ್ಟೆ. ಈಗ ಮೂಗನ್ನು ಬಿಡಿ. ಬಾಯಿಯ ಹಿಂಬದಿಯಿಂದ ಮೂಗಿಗೇರಿದ ಪರಿಮಳವು ಒಮ್ಮೆಗೇ ಅರಳುವುದು. ನಾವು ‘ರುಚಿ’ ಎನ್ನುವುದರಲ್ಲಿ ಬಹುಪಾಲು ವಾಸನೆಯೇ.

ಕಿಣ್ವದ ಪರೀಕ್ಷೆಯನ್ನು ಹೀಗೆ ಮಾಡಬಹುದು. ಸಾಮಾನ್ಯ ರಾಗಿಹಿಟ್ಟಿನಿಂದ ಸೌಟಿಗೆ ಅಂಟುವಷ್ಟು ಗಟ್ಟಿಯಾಗಿ ಗಂಜಿಯನ್ನು ಬೇಯಿಸಿ ಎರಡು ಬಟ್ಟಲುಗಳಿಗೆ ಹಾಕಿ. ಉಷ್ಣತೆಯು 65 ಡಿಗ್ರಿಗೆ ಇಳಿದಾಗ ಒಂದಕ್ಕೆ ಒಂದು ಚಮಚ ಹುರಿಹಿಟ್ಟು, ಇನ್ನೊಂದಕ್ಕೆ ಒಂದು ಚಮಚ ಮೊಳಕೆರಾಗಿಯ ಹಿಟ್ಟು ಹಾಕಿ ಕಲಕಿ. ಮೊಳಕೆಯ ರಾಗಿಯು ಬಿಸಿಲಿನಲ್ಲಿ ಒಣಗಿದುದಾಗಿರಬೇಕು, ಹುರಿದುದಾಗಿರಬಾರದು. ಮೊದಲನೆಯದು ಘಮಘಮಿಸುವುದು, ಆದರೆ ಗಟ್ಟಿಯಾಗಿಯೇ ಇರುವುದು. ಎರಡನೆಯದು ಕೆಲವೇ ನಿಮಿಷಗಳಲ್ಲಿ ಸಡಿಲಗೊಂಡು ಚಮಚದಿಂದ ಧಾರೆಯಾಗಿ ಇಳಿಯುವುದು. ಪ್ರಯೋಗಶಾಲೆಯಿದ್ದರೆ ಎರಡರಿಂದಲೂ ಒಂದೊಂದು ತೊಟ್ಟನ್ನು ನೀರಿನಲ್ಲಿ ಬೆರೆಸಿ ಅಯೊಡಿನ್ ಹನಿಸಿ. ಪಿಷ್ಟದ ಕಡುನೀಲಿಯು ಎರಡನೆಯದರಲ್ಲಿ ಹೊತ್ತು ಕಳೆದಂತೆ ಕುಂದುವುದು. ಅಯೊಡಿನ್ ಬೆರೆತುದನ್ನು ಚೆಲ್ಲಿಬಿಡಬೇಕು.

ಬೀರಿನವನಿಗೆ ಇದು ಸಕ್ಕರೆಯ ಲೆಕ್ಕ. ಮಗುವಿಗೆ ಹೊಟ್ಟೆಯ ಲೆಕ್ಕ. ಎಂಟು ತಿಂಗಳ ಕೂಸಿನ ಹೊಟ್ಟೆ ಚಿಕ್ಕದು, ಗಟ್ಟಿಯಾದುದನ್ನು ಅದು ನುಂಗಲಾರದು. ತಾಯಿಯು ನೀರು ಬೆರೆಸಿ ಗಂಜಿಯನ್ನು ತೆಳುಮಾಡಿದರೆ ಹೊಟ್ಟೆ ತುಂಬುವುದು ನೀರಿನಿಂದ. ಮೊಳಕೆಯ ಹಿಟ್ಟು ಸೇರಿದರೆ ನೀರನ್ನು ಬೆರೆಸದೆಯೇ ಗಂಜಿ ತೆಳುವಾಗುವುದು. ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಆಹಾರ ಮಗುವಿನ ಹೊಟ್ಟೆಗೆ ಹೋಗುವುದು. ನಮ್ಮ ಹಿರಿಯರು ‘ಸರಿ’ಹಿಟ್ಟಿಗೆ ರಾಗಿಯನ್ನು ಮೊಳಕೆ ಕಟ್ಟುತ್ತಿದ್ದುದರ ಗುಣ ಇದು. ಆದರೆ ಪರಿಮಳದ ಆಸೆಗೆ ಮೊಳಕೆಯ ರಾಗಿಯನ್ನು ಕೆಂಪಗೆ ಹುರಿದುಬಿಟ್ಟರೆ ಈ ಪ್ರಯೋಜನ ಬಾಣಲೆಯಲ್ಲಿಯೇ ಸುಟ್ಟುಹೋಗುವುದು. ಅಂಗಡಿಯಲ್ಲಿ ‘ರಾಗಿ ಮಾಲ್ಟ್’ ಎಂದು ಮಾರುವ ಪುಡಿಯಲ್ಲಿ ಕಿಣ್ವ ಉಳಿದಿದೆಯೇ ಇಲ್ಲವೇ ಎಂಬುದನ್ನು ಮೇಲೆ ಹೇಳಿದ ಬಟ್ಟಲಿನ ಪರೀಕ್ಷೆಯಿಂದ ಕ್ಷಣದಲ್ಲಿ ತಿಳಿಯಬಹುದು. ಪರಿಮಳವೂ ಬೇಕೆನ್ನುವವರು ಲಂಡನ್ನಿನವರ ಯುಕ್ತಿಯನ್ನೇ ಹಿಡಿದು, ಹುರಿದುದನ್ನೂ ಹುರಿಯದ ಮೊಳಕೆಯ ಹಿಟ್ಟನ್ನೂ ಬೇರೆಬೇರೆಯಾಗಿಟ್ಟು ಬಟ್ಟಲಿನಲ್ಲಿ ಕೂಡಿಸಬಹುದು. ಒಂದು ಎಚ್ಚರಿಕೆ ಮಾತ್ರ: ತೇವದಲ್ಲಿ ಮೊಳೆತ ಕಾಳಿನೊಡನೆ ಸೂಕ್ಷ್ಮಜೀವಿಗಳೂ ಬೆಳೆದಿರುವ ಸಂಭವವುಂಟು. ಆದಕಾರಣ ಗಂಜಿಯು ತೆಳುವಾದ ಮೇಲೆ ಅದನ್ನು ಮತ್ತೊಮ್ಮೆ ಕುದಿ ಬರಿಸಿ, ಆರಿಸಿ, ಆಮೇಲೆ ಮಗುವಿಗೆ ಕೊಡಬೇಕು.