ಹಳೆಯ ಹಂಚಿನ ಮನೆಯಲ್ಲಿ ಗಾಳಿಯ ಹಾದಿ

ಬನವಾಸಿಗೆ ಸಮೀಪದಲ್ಲಿದ್ದು ಕದಂಬ ರವಿವರ್ಮನ ಸ್ತಂಭಶಾಸನದಿಂದ ಇತಿಹಾಸಜ್ಞರಿಗೆ ಸುಪರಿಚಿತವಾದ ಗುಡ್ನಾಪುರದ ಕೆರೆಯಂಚಿನಿಂದ ಮೊದಲ್ಗೊಂಡು, ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ಸೀಮೆಯವರೆಗೆ ಇಂದಿಗೂ ನಿಂತಿರುವ ಹಳೆಯ ಮನೆಗಳನ್ನು ಒಳಹೊಕ್ಕು ನೋಡಿದವರಿಗೆ ಒಂದು ಸಂಗತಿ ವಿಶದವಾಗದೆ ಇರದು: ಗೋಡೆ ದಪ್ಪ, ಕಿಟಕಿ ಕಿರಿದು, ನಡುಮನೆ ಹಗಲಿನಲ್ಲಿಯೂ ಮಬ್ಬು, ಆದರೂ ಒಳಗಿನ ಗಾಳಿ ಕಟ್ಟಿಕೊಂಡು ನಿಂತುದಿಲ್ಲ. ಇದಕ್ಕೆ ಕಾರಣ ಕಿಟಕಿಯಲ್ಲ, ಮಾಡು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಮೊದಲಾಗಿ ಕರಾವಳಿಯಲ್ಲಿಯೂ ಘಟ್ಟದ ಮೇಲೆಯೂ ಹರಡಿದ ಹಂಚಾಗಲಿ, ಅದಕ್ಕೂ ಹಿಂದಿನ ನಾಡಹಂಚಾಗಲಿ, ಪಕಾಸಿ ರೀಪುಗಳ ಮೇಲೆ ಒಂದರ ಅಂಚನ್ನೊಂದು ಅಪ್ಪಿ ಕುಳಿತು ಮಳೆಯನ್ನು ತಡೆಯುತ್ತಿದ್ದರೂ ತಮ್ಮ ಸಂದುಗಳಲ್ಲಿ ಬಿಸಿಗಾಳಿಯನ್ನು ಮೇಲಕ್ಕೆ ಬಿಟ್ಟುಕೊಡುತ್ತಿದ್ದವು.

ಅಡಿಗೆಮನೆಯ ಒಲೆ, ಬಚ್ಚಲ ಒಲೆ ಇವೆರಡೂ ಈ ಚಲನೆಗೆ ಶಕ್ತಿಯನ್ನೊದಗಿಸುತ್ತಿದ್ದವು. ಬಿಸಿಯಾದ ಗಾಳಿ ಹಗುರವಾಗಿ ಅಟ್ಟಕ್ಕೇರಿ ಹಂಚಿನ ಸಂದಿನಿಂದ ಹೊರಬಿದ್ದಂತೆ, ಬಾಗಿಲಡಿಯಿಂದಲೂ ಜಗುಲಿಯ ಕಡೆಯಿಂದಲೂ ತಂಪುಗಾಳಿ ಒಳಕ್ಕೆ ಸೆಳೆಯಲ್ಪಡುತ್ತಿತ್ತು. ಮನೆ ಎತ್ತರವಾದಷ್ಟೂ, ಒಳಗಿನ ಹೊರಗಿನ ಉಷ್ಣತೆಯ ಅಂತರ ಹೆಚ್ಚಿದಷ್ಟೂ ಈ ಸೆಳೆತ ಬಲಗೊಳ್ಳುವುದು. ಜೊತೆಗೆ ಹೊಗೆಯು ಅಟ್ಟದ ಮರಮುಟ್ಟುಗಳನ್ನು ಒಣಗಿಸಿ ಹುಳು ಹಿಡಿಯದಂತೆ ಕಾಯುತ್ತಿತ್ತು. ಹಾಗೆಂದು ಆ ಹೊಗೆಯನ್ನು ಹೊಗಳಲು ನನಗೆ ಮನಸ್ಸಿಲ್ಲ. ಅದನ್ನು ಜೀವಮಾನವಿಡೀ ಕುಡಿದು ಕಣ್ಣನ್ನೂ ಶ್ವಾಸಕೋಶವನ್ನೂ ಸವೆಸಿಕೊಂಡವರು ಆ ಮನೆಗಳ ಹೆಂಗಸರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರವು ರೂಪಿಸಿದ ಹೊಗೆಕೊಳವೆಯ ಒಲೆಯೂ, ಶಿರಸಿ ಸೀಮೆಯ ಮನೆಮನೆಗಳಲ್ಲಿ ನೆಲೆಯೂರಿ 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಯಶಸ್ಸಿನ ನಿದರ್ಶನವೆಂದೇ ವರ್ಣಿತವಾದ ಗೋಬರ್ ಗ್ಯಾಸೂ ಅವರಿಗೆ ಸಂದ ನಿಜವಾದ ಉಪಕಾರ.

ಹೊಗೆ ಹೋಯಿತು, ಹೊಗೆಗಾಗಿ ಬಿಟ್ಟಿದ್ದ ಸಂದುಗಳೂ ನಿರರ್ಥಕವೆಂದು ತೋರಿದವು. ಬೇಸಗೆಯ ಕಾವನ್ನೂ ಮಾಗಿಯ ಚಳಿಯನ್ನೂ ತಡೆದು ವಿದ್ಯುತ್ತನ್ನೂ ಸೌದೆಯನ್ನೂ ಉಳಿಸಬೇಕೆಂಬ ಸದುದ್ದೇಶದಿಂದ ಹಂಚಿನಡಿ ಪ್ಲಾಸ್ಟಿಕ್ ಹಾಳೆ, ಅದರ ಕೆಳಗೆ ಫಾಲ್ಸ್ ಸೀಲಿಂಗು, ಮಣ್ಣಿನ ಗೋಡೆಗೆ ಸಿಮೆಂಟು ಗಿಲಾವು, ಅದರ ಮೇಲೆ ಪ್ಲಾಸ್ಟಿಕ್ ಬಣ್ಣ, ಮರದ ಕಿಟಕಿಯ ಜಾಗದಲ್ಲಿ ಬಿಗಿಯಾದ ಗಾಜಿನ ಕಿಟಕಿ, ಹೀಗೆ ಒಂದೊಂದಾಗಿ ಬರುತ್ತವೆ. ಆಷಾಢದ ಮಳೆ ಹಿಡಿದ ಮೇಲೆ ಇದರ ಫಲ ಕಾಣತೊಡಗುವುದು: ಗೋಡೆಗೊರಗಿಸಿದ ಕಪಾಟನ್ನು ಸರಿಸಿದರೆ ಅದರ ಹಿಂದೆ ಕರಿಯ ಬೂಷ್ಟಿನ ಮಚ್ಚೆಗಳು, ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಯ ಮಡಿಕೆಗಳಲ್ಲಿ ಮುಗ್ಗಿದ ವಾಸನೆ, ಮುಟ್ಟಿದರೆ ಬೆರಳಿಗೆ ಹಿಟ್ಟಿನಂತೆ ಹತ್ತುವ ಪಕಾಸಿಯ ಹುಡಿ. 1973ರ ತೈಲ ಬಿಕ್ಕಟ್ಟಿನ ತರುವಾಯ ಇಂಧನ ಉಳಿಸಲೆಂದು ಮನೆಗಳ ಸಂದುಗಳನ್ನೆಲ್ಲ ಬಿಗಿದ ಪಾಶ್ಚಾತ್ಯ ದೇಶಗಳೂ ಇದೇ ತೇವ, ಇದೇ ಬೂಷ್ಟುಗಳನ್ನು ಕಂಡುವು.

ಈ ತೇವ ಎಲ್ಲವೂ ಮಳೆಯದಲ್ಲ. ಒಂದು ಕಿಲೋ ಅಡಿಗೆ ಅನಿಲ ಪೂರ್ಣವಾಗಿ ಉರಿದಾಗ ಸುಮಾರು ಒಂದೂವರೆ ಕಿಲೋ ನೀರಾವಿ ಹುಟ್ಟುತ್ತದೆ. ಅನ್ನ ಬೇಯುವಾಗಿನ ಹಬೆ, ಬಚ್ಚಲ ಬಿಸಿನೀರು, ಒಳಗೆ ಹರವಿದ ಬಟ್ಟೆ, ಮಲಗಿದವರ ಉಸಿರು ಇವೆಲ್ಲ ಅದರೊಡನೆ ಕೂಡುತ್ತವೆ. ಹಿಂದೆ ಹಂಚಿನ ಸಂದಿನಲ್ಲಿ ಹಾರಿಹೋಗುತ್ತಿದ್ದ ಈ ಆವಿ ಇಂದು ಮನೆಯ ಅತ್ಯಂತ ತಣ್ಣಗಿನ ಮೈಯನ್ನು ಹುಡುಕಿ ಅಲ್ಲಿ ಹನಿಗಟ್ಟುತ್ತದೆ. ಆದುದರಿಂದ ಸಂದು ಮುಚ್ಚುವ ಮೊದಲೇ ಗಾಳಿ ಎಲ್ಲಿಂದ ಬರಬೇಕು, ಎಲ್ಲಿಂದ ಹೋಗಬೇಕು ಎಂಬುದನ್ನು ನಿಶ್ಚಯಿಸಿಕೊಂಡು ಆ ಕಿಂಡಿಗಳನ್ನು ಮಾಡಿಬಿಡುವುದು ವಿಹಿತವೆಂದು ನಾನು ಬಲವಾಗಿ ನಂಬುತ್ತೇನೆ. ದುರಸ್ತಿಯ ಕೊನೆಯಲ್ಲಿ ಕೈಯಲ್ಲಿ ಹಣ ಮಿಕ್ಕರೆ ನೋಡೋಣವೆಂದು ಬಿಟ್ಟ ಕೆಲಸ ಸಾಮಾನ್ಯವಾಗಿ ಆಗುವುದೇ ಇಲ್ಲ.

ಸೀಲಿಂಗು ಹಾಕಿಸುವವರು ಅದಕ್ಕೂ ಹಂಚಿಗೂ ನಡುವಣ ಬರಿದಾದ ಎಡೆಯನ್ನು ನಾಲ್ಕೂ ಕಡೆ ಮುಚ್ಚಿಬಿಡಬಾರದು. ಸೂರಿನಂಚಿನಲ್ಲಿ ಜಾಲರಿಯಿಟ್ಟ ಕಿಂಡಿ, ಮಾಡಿನ ನೆತ್ತಿಯ ಬಳಿ ಮಳೆ ಎರಚದಂತೆ ಮರೆಮಾಡಿದ ಇನ್ನೊಂದು ಕಿಂಡಿ ಇದ್ದರೆ, ಏಪ್ರಿಲ್ಲಿನ ಕಾದ ಹಂಚಿನ ಬಿಸಿ ಕೋಣೆಗಿಳಿಯದೆ ಮೇಲಿಂದಲೇ ಹೊರಟುಹೋಗುವುದು, ಮಳೆಗಾಲದಲ್ಲಿ ಮರವೂ ಒಣಗುವುದು. ಮಣ್ಣಿನ ಗೋಡೆಗೆ ಸುಣ್ಣವೇ ಲೇಸು. ಹೀರಿದ ತೇವವನ್ನು ಅದು ಮರಳಿ ಬಿಟ್ಟುಕೊಡುತ್ತದೆ.

ಅಡಿಗೆಮನೆಯ ಎಕ್ಸಾಸ್ಟ್ ಫ್ಯಾನಿನ ವಿಷಯದಲ್ಲಿ ಒಂದು ಎಚ್ಚರ ಅವಶ್ಯ. ಬಾಗಿಲು ಕಿಟಕಿಗಳನ್ನೆಲ್ಲ ಬಿಗಿದ ಮನೆಯಲ್ಲಿ ಫ್ಯಾನು ತಿರುಗಿದಾಗ ಹೊರಕ್ಕೆ ತಳ್ಳಿದಷ್ಟೇ ಗಾಳಿಯನ್ನು ಅದು ಎಲ್ಲಿಂದಾದರೂ ಒಳಕ್ಕೆಳೆಯಲೇಬೇಕಾಗಿ, ಬಚ್ಚಲ ಒಲೆಯ ಹೊಗೆಕೊಳವೆಯಿಂದಲೇ ಎಳೆದು ಹೊಗೆಯನ್ನು ಮನೆಯೊಳಕ್ಕೆ ಹಿಂದಿರುಗಿಸುವ ಸಂಭವವುಂಟು. ಫ್ಯಾನಿನ ಎದುರು ಗೋಡೆಯ ತಳದಲ್ಲಿ ಗಾಳಿ ಬರುವ ಕಿಂಡಿಯಿದ್ದರೆ ಈ ತೊಂದರೆಯಿಲ್ಲ. ಒಂದು ಊದುಬತ್ತಿಯನ್ನು ಹಚ್ಚಿ ಕಿಂಡಿಯ ಬಳಿ, ಬಾಗಿಲಡಿಯಲ್ಲಿ, ಬಚ್ಚಲ ಒಲೆಯ ಬಾಯಲ್ಲಿ ಹಿಡಿದು ನೋಡಿದರೆ ಹೊಗೆಯ ಎಳೆ ಎತ್ತ ಬಾಗುವುದೋ ಅತ್ತ ಗಾಳಿ ನಡೆದಿದೆಯೆಂದು ತಿಳಿಯುವುದು. ಇದಕ್ಕಿಂತ ಸುಲಭವಾದ ಪರೀಕ್ಷೆಯಿಲ್ಲ. ಮುಚ್ಚಿದ ಬಚ್ಚಲೊಳಗೆ ಗ್ಯಾಸ್ ಗೀಸರನ್ನು ಉರಿಸುವುದನ್ನೂ, ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು ಮಲಗುವುದನ್ನೂ ಸರ್ವಥಾ ವರ್ಜಿಸಬೇಕು. ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಮೊನಾಕ್ಸೈಡು ಅರಿವಾಗುವ ಮೊದಲೇ ಪ್ರಾಣ ತೆಗೆಯುತ್ತದೆ.

ಕಿಟಕಿ ತೆರೆಯುವುದಕ್ಕೂ ಹೊತ್ತುಂಟು. ಬೇಸಗೆಯಲ್ಲಿ ಹಗಲು ಮುಚ್ಚಿ ರಾತ್ರಿ ತೆರೆದರೆ ದಪ್ಪಗೋಡೆ ತಂಪನ್ನು ಮರುದಿನಕ್ಕೆ ಹಿಡಿದಿಡುವುದು. ಜಡಿಮಳೆಯ ದಿನಗಳಲ್ಲಿ ಹೊರಗಿನ ಗಾಳಿಯೇ ನೀರಿನಿಂದ ತುಂಬಿರುವುದರಿಂದ ಎಲ್ಲ ಕಿಟಕಿಗಳನ್ನೂ ದಿನವಿಡೀ ತೆರೆದಿಡುವುದರಿಂದ ಮನೆ ಒಣಗದು. ಹಬೆಯನ್ನು ಅದು ಹುಟ್ಟಿದಲ್ಲಿಯೇ ಹೊರಹಾಕಿ, ಹೊಳವಾದ ಘಳಿಗೆಯಲ್ಲಿ ಎದುರುಬದುರು ಕಿಟಕಿಗಳನ್ನು ತೆರೆಯುವುದೇ ಯುಕ್ತ.

ಇಂಧನ ಉಳಿತಾಯಕ್ಕೆಂದೇ ಭಾರತ ಸರಕಾರ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆಯು ಕೂಡ ಗಾಳಿಯನ್ನು ಮರೆತಿಲ್ಲ: ತೆರೆಯಬಲ್ಲ ಕಿಟಕಿಗಳ ಅಳತೆ ಸೆಕೆಯ ತೇವಭರಿತ ಪ್ರದೇಶದಲ್ಲಿ ನೆಲದ ಆರರಲ್ಲೊಂದು ಪಾಲಿಗೂ, ಸಮಶೀತೋಷ್ಣ ಪ್ರದೇಶದಲ್ಲಿ ಎಂಟರಲ್ಲೊಂದು ಪಾಲಿಗೂ ಕಡಿಮೆಯಾಗಬಾರದೆಂದು ಅದರ ವಿಧಿ. ಈ ಪ್ರಮಾಣದಂತೆ ಹತ್ತಡಿ ಹನ್ನೆರಡಡಿಯ ಕೋಣೆಗೆ 20 ಅಥವಾ 15 ಚದರಡಿ ಬೇಕಾಗುವುದು. ಎರಡು ಹಲಗೆಯ ಸರಿಸುವ ಗಾಜಿನ ಕಿಟಕಿಯಲ್ಲಿ ಒಮ್ಮೆಗೆ ಅರ್ಧ ಮಾತ್ರ ತೆರೆದುಕೊಳ್ಳುವುದರಿಂದ, ಅಳೆಯುವಾಗ ಚೌಕಟ್ಟನ್ನಲ್ಲ, ತೆರೆದ ಎಡೆಯನ್ನು ಲೆಕ್ಕಕ್ಕೆ ಹಿಡಿಯಬೇಕು.